ನಿಷ್ಕಾಮ ಸೇವೆಯ ಹೆಸರಿನಲ್ಲಿ ಅಗ್ಗದ ಕಾವಲು

ಖಾಕಿ ತೊಟ್ಟವರೆಲ್ಲ ಪೊಲೀಸರೆಂದೇ ನಾವು ಭಾವಿಸಿದ್ದೇವೆ. ಹುಣಸೂರಿನಲ್ಲಿ ಮೆರವಣಿಗೆ ಹೊರಟ ದಿನ ಮಸೀದಿ ಮಂದಿರಗಳ ಮುಂದೆ ನಿಲ್ಲುವವರು, ಕೆ.ಆರ್. ನಗರದ ಸೀಮೆಯ ಚುಂಚನಕಟ್ಟೆ ಜಾತ್ರೆಯಲ್ಲಿ ಜನಸಂದಣಿಯನ್ನು ಸರಿಸುವವರು, ಪಿರಿಯಾಪಟ್ಟಣದ ಮತಗಟ್ಟೆಯ ಬಾಗಿಲು ಕಾಯುವವರು, ಕಬಿನಿ ಉಕ್ಕಿದಾಗ ಎಚ್.ಡಿ. ಕೋಟೆಯ ಸೇತುವೆಯ ಬಳಿ ವಾಹನ ತಡೆಯುವವರು ಎಲ್ಲರೂ ನಮ್ಮ ಕಣ್ಣಿಗೆ ಒಂದೇ. ಹತ್ತಿರ ಹೋಗಿ ಭುಜದ ಪಟ್ಟಿಯನ್ನು ಓದಿದರೆ ಮಾತ್ರ ಅವರಲ್ಲಿ ಅನೇಕರು ಗೃಹರಕ್ಷಕರೆಂಬುದು ತಿಳಿಯುತ್ತದೆ. ಬಿಸಿಲು, ಮಳೆ, ಕಲ್ಲಿನೇಟು ಇಬ್ಬರಿಗೂ ಸಮಾನ. ಆದರೆ ಒಬ್ಬರಿಗೆ ತಿಂಗಳ ಸಂಬಳ, ರಜೆ, ಸೇವಾ ಭದ್ರತೆಗಳಿವೆ. ಇನ್ನೊಬ್ಬರಿಗೆ ಕರೆದ ದಿನದ ಭತ್ಯೆ ಮಾತ್ರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದರೆ ಇದೇ ಅಲ್ಲವೇ?

ಈ ದಳದ ಹುಟ್ಟನ್ನು ಸ್ವಲ್ಪ ನೆನೆಯೋಣ. 1946ರ ಡಿಸೆಂಬರ್ 6ರಂದು, ಗಲಭೆಗಳಿಂದ ತತ್ತರಿಸಿದ್ದ ಮುಂಬಯಿಯಲ್ಲಿ ಪೊಲೀಸರಿಗೆ ನೆರವಾಗಲು ನಾಗರಿಕರ ಸ್ವಯಂಸೇವಾ ಪಡೆಯಾಗಿ ಅದು ಆರಂಭವಾಯಿತು. 1962ರ ಚೀನಾ ಯುದ್ಧದ ಬಳಿಕ ರಾಜ್ಯಗಳಲ್ಲಿ ಚದುರಿಹೋಗಿದ್ದ ಇಂತಹ ಪಡೆಗಳನ್ನು ಏಕರೂಪಗೊಳಿಸುವಂತೆ ಕೇಂದ್ರ ಸೂಚಿಸಿತು. ಅಂದಿನ ಮೈಸೂರು ರಾಜ್ಯದ ಗೃಹರಕ್ಷಕ ದಳದ ಕಾಯ್ದೆಯೂ 1962ರದೇ. ಪ್ರಾದೇಶಿಕ ಸೇನೆ ಕೇಂದ್ರದ ಅಧೀನದಲ್ಲಿದೆ. ಯುದ್ಧ, ನೆರೆ, ಬೆಂಕಿ, ಗಲಭೆಗಳ ಹೊತ್ತಿನಲ್ಲಿ ರಾಜ್ಯವು ತಾನೇ ಕರೆಯಬಹುದಾದ ನಾಗರಿಕರ ಮೀಸಲು ಪಡೆ ಈ ಗೃಹರಕ್ಷಕ ದಳ. 2025ರ ಮೇ 7ರಂದು ದೇಶದ ಹಲವೆಡೆ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ಈ ಮೀಸಲು ಪಡೆಯ ಅಗತ್ಯ ಎಲ್ಲರಿಗೂ ಮತ್ತೊಮ್ಮೆ ನೆನಪಾಯಿತು.

ಸಂಕಟ ಬಂದಾಗ ನೆನಪಾಗುವವರನ್ನು ಸಂಕಟ ಕಳೆದ ಮೇಲೆ ಮರೆಯುವುದು ಆಳುವವರ ಹಳೆಯ ಚಾಳಿ. ದಳದ ರಚನೆ, ತರಬೇತಿ ಮತ್ತು ಸಲಕರಣೆಗಳ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 25, ಉಳಿದ ಶೇ. 75 ರಾಜ್ಯದ್ದು. ಕೇಂದ್ರದ ಪಾಲೂ ರಾಜ್ಯ ಖರ್ಚು ಮಾಡಿದ ನಂತರವೇ ಮರುಪಾವತಿಯಾಗಿ ಬರುತ್ತದೆ. ಮೇಲ್ವಿಚಾರಣೆಗೆ ಬೆಂಗಳೂರಿನಲ್ಲಿ ಹಿರಿಯ ಪೊಲೀಸ್ ಅಧಿಕಾರಿ, ಜಿಲ್ಲೆಗೆ ಸಮಾದೇಷ್ಟರು, ತಾಲ್ಲೂಕಿಗೆ ಘಟಕಾಧಿಕಾರಿ ಇದ್ದಾರೆ. ಕಾಗದದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಗೃಹರಕ್ಷಕನು ಪೊಲೀಸ್ ಇಲಾಖೆಯ ಹೊರತು ಬೇರೊಂದು ಇಲಾಖೆಯ ಕಾವಲಿಗೆ ಹೋದರೆ ಅವನ ಭತ್ಯೆಯ ಹೊರೆ ಆ ಇಲಾಖೆಯ ಮೇಲೆ ಬೀಳುತ್ತದೆ. ಆಜ್ಞೆ ಒಬ್ಬರದು, ಹಣ ಇನ್ನೊಬ್ಬರದು. ಹಣ ತಡವಾದರೆ ಅವನು ಯಾರ ಬಾಗಿಲು ತಟ್ಟಬೇಕು? ದುಡಿದವನ ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದಿರುವ ಪಾಠ. ಸರ್ಕಾರಕ್ಕೆ ಅದು ತಿಳಿಯದೇ?

ಗೃಹರಕ್ಷಕರು ಬೇರೆ ಉದ್ಯೋಗವಿರುವ ಸ್ವಯಂಸೇವಕರು, ಅವರ ಧ್ಯೇಯವೇ ನಿಷ್ಕಾಮ ಸೇವೆ ಎಂಬ ಸಮಜಾಯಿಷಿಯನ್ನು ನಾವು ಬಲ್ಲೆವು. 2018 ಮತ್ತು 2019ರ ಮಳೆಗಾಲದಂತೆ ಕಬಿನಿಯಿಂದ ಭಾರಿ ನೀರು ಹೊರಬಿಟ್ಟು ನದಿದಂಡೆಯ ಊರುಗಳು ಮುಳುಗುವಾಗ ಓಡಿಬರುವುದು ಖಂಡಿತವಾಗಿಯೂ ಸೇವೆಯೇ. ಅದಕ್ಕೆ ಬೆಲೆ ಕಟ್ಟಲು ಯಾರಿಂದಲೂ ಆಗದು. ಆದರೆ ಪ್ರತಿದಿನ ಸಂಚಾರ ನಿಯಂತ್ರಿಸುವುದು, ಠಾಣೆಯಲ್ಲಿ ರಾತ್ರಿ ಪಾಳಿ ಮಾಡುವುದು, ಕಚೇರಿಯ ಬಾಗಿಲು ಕಾಯುವುದು ಯಾವ ಬಗೆಯ ತುರ್ತು? ಖಾಲಿ ಬಿದ್ದ ಪೊಲೀಸ್ ಹುದ್ದೆಯ ಕೆಲಸವನ್ನು ಸ್ವಯಂಸೇವಕನ ಹೆಗಲಿಗೆ ಹೊರಿಸಿ ಅದಕ್ಕೆ ಸೇವೆಯೆಂದು ಹೆಸರಿಡುವುದು ಸೇವೆಗೇ ಮಾಡುವ ಅವಮಾನ.

ಸುಪ್ರೀಂ ಕೋರ್ಟು 2015ರ ಮಾರ್ಚ್ 11ರ ತೀರ್ಪಿನಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿತು. ಗೃಹರಕ್ಷಕರ ಸೇವೆ ಖಾಯಂಗೊಳಿಸಬೇಕೆಂಬ ಬೇಡಿಕೆಯನ್ನು ಅದು ಒಪ್ಪಲಿಲ್ಲ. ಆದರೆ ಪೊಲೀಸರ ಬದಲಿಗೆ, ಪೊಲೀಸರ ಅಧಿಕಾರದೊಂದಿಗೆ ದುಡಿಯುವವರಿಗೆ ಸಿಗುವ ಭತ್ಯೆಯು 30 ದಿನಕ್ಕೆ ಲೆಕ್ಕ ಹಾಕಿದಾಗ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗಬೇಕೆಂದು ಹೇಳಿತು. ಇಲ್ಲಿಯೇ ಒಂದು ಬಿರುಕು ಉಳಿಯಿತು. ನ್ಯಾಯಾಲಯ ಹೇಳಿದ್ದು ದಿನದ ದರವನ್ನು. ತಿಂಗಳಿಗೆ ಎಷ್ಟು ದಿನ ಕರೆಯಬೇಕೆಂಬುದು ಸರ್ಕಾರದ ಕೈಯಲ್ಲೇ ಉಳಿಯಿತು.

ಈ ಬಿರುಕಿನ ಪರಿಣಾಮವನ್ನು ಉತ್ತರ ಪ್ರದೇಶ ತೋರಿಸಿಕೊಟ್ಟಿತು. 2019ರಲ್ಲಿ ಅಲ್ಲಿ ದಿನಭತ್ಯೆ 500 ರೂಪಾಯಿಯಿಂದ 672ಕ್ಕೆ ಏರಬೇಕಾಯಿತು. ಅದೇ ಅಕ್ಟೋಬರಿನಲ್ಲಿ, ಪೊಲೀಸ್ ಕರ್ತವ್ಯದಲ್ಲಿದ್ದ 25,000 ಗೃಹರಕ್ಷಕರನ್ನು ಕೈಬಿಡುವ ಆದೇಶ ಹೊರಬಿತ್ತು. ಗದ್ದಲವೆದ್ದ ಮೇಲೆ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲವೆಂದು ಸಚಿವರು ಸಮಾಧಾನ ಹೇಳಬೇಕಾಯಿತು. ಬಲಗೈಯಿಂದ ಕೊಟ್ಟು ಎಡಗೈಯಿಂದ ಕಸಿದುಕೊಳ್ಳುವ ಈ ಜಾಣತನ ನಮ್ಮಲ್ಲಿಗೆ ಕಾಲಿಡಬಾರದು. ಕರ್ನಾಟಕದಲ್ಲಿಯೂ ಭತ್ಯೆ ಕಾಲಕಾಲಕ್ಕೆ ಏರಿದೆ, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಿನಗಳ ಖಾತರಿಯಿಲ್ಲದ ದರ, ನೀರಿಲ್ಲದ ಕೆರೆಗೆ ಕಟ್ಟಿದ ಸೋಪಾನ.

ಆದ್ದರಿಂದ ನಮ್ಮ ಆಗ್ರಹ ನೇರವಾದುದು. ತುರ್ತು ಸೇವೆಯೇ ಬೇರೆ, ನಿತ್ಯದ ಕಾವಲೇ ಬೇರೆ ಎಂದು ಸರ್ಕಾರ ವಿಂಗಡಿಸಲಿ. ನಿತ್ಯದ ಕಾವಲಿಗೆ ನಿಯೋಜಿಸಿದವರಿಗೆ ತಿಂಗಳಿಗೆ ಕನಿಷ್ಠ ಇಷ್ಟು ದಿನವೆಂಬ ಖಾತರಿ ನೀಡಲಿ. ಸರದಿಯ ಪಟ್ಟಿಯನ್ನು ತಾಲ್ಲೂಕು ಘಟಕದ ಫಲಕದಲ್ಲಿ ಹಚ್ಚಲಿ. ಯಾವ ಇಲಾಖೆ ಕರೆಸಿಕೊಂಡರೂ ಭತ್ಯೆಯನ್ನು ದಳವೇ ನಿಗದಿತ ದಿನಾಂಕದಂದು ಪಾವತಿಸಿ, ಬಳಿಕ ಆ ಇಲಾಖೆಯಿಂದ ವಸೂಲಿ ಮಾಡಲಿ. ಎಷ್ಟು ಮಂದಿ, ಎಷ್ಟು ದಿನ, ಎಷ್ಟು ಬಾಕಿ ಎಂಬ ತಾಲ್ಲೂಕುವಾರು ಲೆಕ್ಕವನ್ನು ವರ್ಷಕ್ಕೊಮ್ಮೆ ಶಾಸನಸಭೆಯ ಮುಂದಿಡಲಿ. ಈ ನಾಲ್ಕು ತಾಲ್ಲೂಕುಗಳ ಶಾಸಕರು ಈ ಲೆಕ್ಕವನ್ನು ಕೇಳುವರೇ?

ಸರ್ಕಾರಕ್ಕೆ ಬೆರಳು ತೋರುವಾಗ ನಮ್ಮತ್ತಲೂ ಒಮ್ಮೆ ನೋಡಿಕೊಳ್ಳಬೇಕು. ಪೊಲೀಸ್ ಸೇವೆಯಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆಯೆಂಬುದನ್ನು ಸಾಚಾರ್ ಸಮಿತಿಯ ವರದಿ 2006ರಲ್ಲಿಯೇ ಹೇಳಿತು. ನಾವು ಅದನ್ನು ವೇದಿಕೆಗಳಲ್ಲಿ ಉದ್ಧರಿಸುತ್ತಲೇ ಇದ್ದೇವೆ. ಆದರೆ ನಮ್ಮದೇ ಊರಿನ ಗೃಹರಕ್ಷಕ ಘಟಕಕ್ಕೆ ಅರ್ಜಿ ಕರೆದಾಗ ಗ್ಯಾರೇಜಿನ ಹುಡುಗನಿಗೆ, ಹಣ್ಣಿನ ಗಾಡಿಯ ತರುಣನಿಗೆ ಆ ಸುದ್ದಿ ಮುಟ್ಟಿಸಿದ ಜಮಾಅತುಗಳೆಷ್ಟು? ‘ಅರ್ಧ ಪೊಲೀಸ್’ ಎಂದು ನಕ್ಕವರೆಷ್ಟು? 2017ರ ಡಿಸೆಂಬರಿನಲ್ಲಿ ಹನುಮ ಜಯಂತಿ ಮೆರವಣಿಗೆಯ ಹಾದಿಯ ವಿಷಯದಲ್ಲಿ ಹುಣಸೂರು ಉದ್ವಿಗ್ನಗೊಂಡುದನ್ನು ನಾವು ಮರೆತಿಲ್ಲ. ಅಂತಹ ದಿನಗಳಲ್ಲಿ ಎರಡೂ ಕೇರಿಗಳು ಹೆಸರು ಹಿಡಿದು ಕರೆಯಬಲ್ಲ ಊರಿನ ತರುಣರು, ಹಿಂದೂಗಳೂ ಮುಸ್ಲಿಮರೂ, ಒಂದೇ ಸಾಲಿನಲ್ಲಿ ನಿಂತರೆ ವದಂತಿಗಳು ಅರ್ಧದಾರಿಯಲ್ಲೇ ಸಾಯುತ್ತವೆ.

ಆ ಸಾಲಿಗೆ ನಮ್ಮ ಮಕ್ಕಳನ್ನು ಕಳುಹಿಸುವ ಹೊಣೆ ನಮ್ಮದು. ಅಲ್ಲಿ ನಿಂತವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು. ನಿಷ್ಕಾಮ ಸೇವೆ ಎಂಬುದು ಸೇವೆ ಮಾಡುವವನು ಹೇಳಬೇಕಾದ ಮಾತು. ಸೇವೆ ಪಡೆದವನು ಅದನ್ನು ಹೇಳಿ ಕೂಲಿ ಉಳಿಸಿಕೊಂಡರೆ ಅದಕ್ಕೆ ಶೋಷಣೆಯೆಂಬ ಹೆಸರಲ್ಲದೆ ಬೇರೆ ಹೆಸರಿಲ್ಲ.