ಮೊರಿಯಾಮಾ: ಗೋಡೆ ಬಿಟ್ಟು ಪುಟ ಹಿಡಿದ ಛಾಯಾಗ್ರಾಹಕ

ಜಪಾನಿನ ‘ಅಸಾಹಿ ಕ್ಯಾಮೆರಾ’ ಮಾಸಪತ್ರಿಕೆ 1926ರಲ್ಲಿ ಹುಟ್ಟಿ 2020ರಲ್ಲಿ ನಿಂತುಹೋಯಿತು. ಮರುವರ್ಷ ‘ನಿಪ್ಪಾನ್ ಕ್ಯಾಮೆರಾ’ ಕೂಡ ಬಾಗಿಲು ಹಾಕಿತು. ಇವೆರಡಕ್ಕೂ ಪೈಪೋಟಿ ಕೊಟ್ಟಿದ್ದ ‘ಕ್ಯಾಮೆರಾ ಮೈನಿಚಿ’ಯ ಕಥೆ 1985ರಲ್ಲೇ ಮುಗಿದಿತ್ತು. ಆ ದೇಶದ ಛಾಯಾಗ್ರಾಹಕರನ್ನು ಸಾಕಿ ಸಲಹಿದ ಮೂರು ದೊಡ್ಡ ಪತ್ರಿಕೆಗಳು ಹೀಗೆ ಕಣ್ಮುಚ್ಚಿದ ಮೇಲೂ ಟೋಕಿಯೊದಿಂದ ಒಂದು ತೆಳುವಾದ ಪತ್ರಿಕೆ ಹೊರಬರುತ್ತಲೇ ಇತ್ತು. ಜಪಾನಿಯಲ್ಲಿ ಅದರ ಹೆಸರು ‘ಕಿರೋಕು’, ಹೊರದೇಶದವರಿಗೆ ‘ರೆಕಾರ್ಡ್’. ಅದರಲ್ಲಿ ಲೇಖಕರ ಬಳಗವಿಲ್ಲ, ಅತಿಥಿ ಅಂಕಣಗಳಿಲ್ಲ. ಇರುವುದೆಲ್ಲ ಒಬ್ಬರೇ, ದೈದೊ ಮೊರಿಯಾಮಾ.

ಮೊರಿಯಾಮಾ ಅವರ ಸಾಧನೆಯನ್ನು ಹೇಳುವವರು ಸಾಮಾನ್ಯವಾಗಿ ಮ್ಯೂಸಿಯಂಗಳಿಂದ ಶುರುಮಾಡುತ್ತಾರೆ. 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ‘ಮೋಮಾ’ದಲ್ಲಿ ನಡೆದ ಜಪಾನಿ ಛಾಯಾಗ್ರಹಣದ ಪ್ರದರ್ಶನ, 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆಧುನಿಕ ಕಲಾ ಮ್ಯೂಸಿಯಂ, 2012ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಛಾಯಾಗ್ರಾಹಕ ವಿಲಿಯಂ ಕ್ಲೈನ್ ಅವರ ಜೊತೆ ಜೋಡಿ ಪ್ರದರ್ಶನ, 2019ರಲ್ಲಿ ಛಾಯಾಗ್ರಹಣದ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ. ಎಲ್ಲವೂ ನಿಜ. ಆದರೆ ಈ ಪಟ್ಟಿಯನ್ನು ಎಷ್ಟು ಓದಿದರೂ ಅವರ ವೃತ್ತಿಬದುಕು ನಡೆದುಬಂದ ಬಗೆ ತಿಳಿಯುವುದಿಲ್ಲ. ಅವರು ದುಡಿದದ್ದು ಗೋಡೆಗಾಗಿ ಅಲ್ಲ, ಅಚ್ಚಿಗಾಗಿ. ಅವರ ಬದುಕಿನ ಮುಖ್ಯ ತಿರುವುಗಳಲ್ಲೆಲ್ಲ ಒಂದು ಪತ್ರಿಕೆಯೋ ಪುಸ್ತಕವೋ ಇದೆ. ಮ್ಯೂಸಿಯಂ ಬಂದದ್ದು ಆಮೇಲೆ.

ಇದರಲ್ಲಿ ಅವರ ಸ್ವಭಾವದ ಪಾಲಿದ್ದಷ್ಟೇ ಜಪಾನಿನ ಅಂದಿನ ಸ್ಥಿತಿಯ ಪಾಲೂ ಇದೆ. ಚೌಕಟ್ಟು ಹಾಕಿದ ಫೋಟೊವನ್ನು ಕಲಾಕೃತಿಯೆಂದು ಕೊಳ್ಳುವ ಮಂದಿ ಅಲ್ಲಿ ಇರಲಿಲ್ಲ ಎನ್ನಬಹುದು. ಛಾಯಾಚಿತ್ರಗಳನ್ನೇ ಮಾರುವ ಮೊದಲ ಗ್ಯಾಲರಿ ‘ತ್ಸೈಟ್ ಫೋಟೊ’ ಟೋಕಿಯೊದಲ್ಲಿ ತೆರೆದದ್ದು 1978ರಲ್ಲಿ. ಅದಕ್ಕೂ ಮುಂಚೆ ಛಾಯಾಗ್ರಾಹಕನಿಗೆ ಹೆಸರು, ಹಣ, ವಾದ, ಜಗಳ ಎಲ್ಲಕ್ಕೂ ಪತ್ರಿಕೆಯ ಪುಟವೇ ಗತಿ. ಅಮೆರಿಕದ ವಾಯುನೆಲೆಯಿದ್ದ ಮಿಸಾವಾ ಊರಿನಲ್ಲಿ ಮೊರಿಯಾಮಾ ತೆಗೆದ ಬೀದಿನಾಯಿಯ ಚಿತ್ರ ಇಂದು ಜಗತ್ಪ್ರಸಿದ್ಧ. 1971ರಲ್ಲಿ ಜನ ಅದನ್ನು ಮೊದಲು ಕಂಡದ್ದು ‘ಅಸಾಹಿ ಕ್ಯಾಮೆರಾ’ದ ಹಾಳೆಯ ಮೇಲೆ.

ಒಸಾಕಾ ಬಳಿಯ ಇಕೆಡಾದಲ್ಲಿ 1938ರಲ್ಲಿ ಹುಟ್ಟಿ, ಒಸಾಕಾದಲ್ಲಿ ಗ್ರಾಫಿಕ್ ವಿನ್ಯಾಸದ ಕೆಲಸ ಕಲಿತು, 1961ರಲ್ಲಿ ಟೋಕಿಯೊಗೆ ಬಂದ ಹುಡುಗ ಛಾಯಾಗ್ರಾಹಕ ಐಕೊ ಹೊಸೊಯೆ ಅವರ ಬಳಿ ಮೂರು ವರ್ಷ ಸಹಾಯಕನಾಗಿದ್ದ. ವಿನ್ಯಾಸದ ಆ ಹಿನ್ನೆಲೆ ಸಣ್ಣದಲ್ಲ. ಶಾಯಿ ಹಾಳೆಯ ಮೇಲೆ ಹೇಗೆ ಕೂರುತ್ತದೆ, ಚಿತ್ರ ಅಂಚಿನವರೆಗೆ ಹರಿದರೆ ಏನಾಗುತ್ತದೆ ಎಂಬ ಲೆಕ್ಕ ಮೊರಿಯಾಮಾ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. 1968ರ ನವೆಂಬರ್‌ನಲ್ಲಿ ಛಾಯಾಗ್ರಾಹಕ ತಕುಮಾ ನಕಾಹಿರಾ, ವಿಮರ್ಶಕ ಕೋಜಿ ತಾಕಿ, ಛಾಯಾಗ್ರಾಹಕ ಯುತಾಕಾ ತಕನಾಶಿ ಮತ್ತು ಕವಿ ತಕಹಿಕೊ ಒಕಾಡಾ ಸೇರಿ ‘ಪ್ರೊವೋಕ್’ ಎಂಬ ಪತ್ರಿಕೆ ಆರಂಭಿಸಿದರು. ಮೊರಿಯಾಮಾ ಎರಡನೇ ಸಂಚಿಕೆಗೆ ಬಂದು ಸೇರಿಕೊಂಡರು. ಬಂದದ್ದು ಮೂರೇ ಸಂಚಿಕೆ. ಒರಟು ಕಣಗಳ, ಕದಲಿದ, ಫೋಕಸ್ ತಪ್ಪಿದ ಆ ಚಿತ್ರಗಳು ಅಂದವಾದ ಫೋಟೊ ಎಂಬ ಕಲ್ಪನೆಯನ್ನೇ ಕೆಣಕಿದವು. ವ್ಯಂಗ್ಯ ಏನೆಂದರೆ, 1970ರ ಹೊತ್ತಿಗೆ ಜಪಾನಿನ ರೈಲ್ವೆ ತನ್ನ ‘ಡಿಸ್ಕವರ್ ಜಪಾನ್’ ಪ್ರವಾಸಿ ಜಾಹೀರಾತಿಗೂ ಅದೇ ಮಸುಕು ಶೈಲಿಯನ್ನು ಬಳಸಿಕೊಂಡಿತು. ಪ್ರತಿಭಟನೆಯ ಭಾಷೆ ಟಿಕೆಟ್ ಮಾರುವ ಭಾಷೆಯಾಗಲು ಎರಡು ವರ್ಷ ಸಾಕಾಯಿತು.

ಇಂಥ ಹೊತ್ತಿನಲ್ಲಿ ಕಲಾವಿದನಿಗೆ ಏನು ಉಳಿಯುತ್ತದೆ? ನಕಾಹಿರಾ 1973ರಲ್ಲಿ ತಮ್ಮ ಹಳೆಯ ಶೈಲಿಯನ್ನು ತಾವೇ ಖಂಡಿಸಿ ಬರೆದರು, ತಮ್ಮ ನೆಗೆಟಿವ್‌ಗಳಲ್ಲಿ ಬಹುಪಾಲನ್ನು ಸುಟ್ಟರು. ಮೊರಿಯಾಮಾ ಆ ದಾರಿ ಹಿಡಿಯಲಿಲ್ಲ. 1972ರಲ್ಲಿ ಅವರು ಎರಡು ಕೆಲಸ ಮಾಡಿದರು. ಒಂದು, ‘ಶಾಶಿನ್ ಯೊ ಸಯೊನಾರಾ’ ಎಂಬ ಪುಸ್ತಕ. ಗೀರುಬಿದ್ದ ಫಿಲ್ಮು, ಯಾರೂ ಆಯ್ದುಕೊಳ್ಳದ ಚೌಕಗಳು, ಏನೆಂದು ತಿಳಿಯದ ಕಪ್ಪುಬಿಳುಪು ಕಲೆಗಳು. ಛಾಯಾಗ್ರಹಣಕ್ಕೆ ವಿದಾಯ ಹೇಳುವ ಪುಸ್ತಕವದು. ಇನ್ನೊಂದು, ಅದೇ ವರ್ಷ ಸ್ವಂತವಾಗಿ ಆರಂಭಿಸಿದ ‘ಕಿರೋಕು’. ವಿಮರ್ಶಕರೆಲ್ಲ ಮೊದಲನೆಯದನ್ನೇ ಮಹಾಕೃತಿ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ನಿರ್ಧಾರ. ವಿದಾಯ ಹೇಳುವುದಕ್ಕೆ ಒಮ್ಮೆ ಧೈರ್ಯ ಬಂದರೆ ಸಾಕು. ಯಾರೂ ಕೇಳದಿದ್ದರೂ, ಯಾವ ಸಂಪಾದಕನೂ ಪುಟ ಕೊಡದಿದ್ದರೂ, ಕೆಲವೇ ಹಾಳೆಗಳನ್ನು ಅಚ್ಚುಹಾಕಿಸಿ ಮುಂದಿನ ಸಂಖ್ಯೆ ಬರೆಯುವುದಕ್ಕೆ ಬೇರೆಯದೇ ಹಟ ಬೇಕು. ಆ ಹಟವೂ ಐದು ಸಂಚಿಕೆಗೆ, 1973ಕ್ಕೆ ಮುಗಿಯಿತು.

ಆದರೆ ತಾವೇ ಅಚ್ಚುಹಾಕುವ ಬುದ್ಧಿ ಮುಗಿಯಲಿಲ್ಲ. 1971ರಲ್ಲಿ ಚಿತ್ರಕಾರ ತದನೊರಿ ಯೊಕೊ ಅವರೊಡನೆ ನ್ಯೂಯಾರ್ಕಿಗೆ ಹೋದಾಗ ಮೊರಿಯಾಮಾ ಒಂದು ಚಿತ್ರದ ಜಾಗದಲ್ಲಿ ಎರಡನ್ನು ಕೂರಿಸುವ ಹಾಫ್‌ಫ್ರೇಮ್ ಕ್ಯಾಮೆರಾದಲ್ಲಿ ರಾಶಿ ರಾಶಿ ಚಿತ್ರ ತೆಗೆದಿದ್ದರು. 1974ರಲ್ಲಿ ಅವನ್ನು ಜನರ ಮುಂದಿಟ್ಟ ರೀತಿ ನೋಡಿ. ಟೋಕಿಯೊದ ಒಂದು ಜಾಗದಲ್ಲಿ ಜೆರಾಕ್ಸ್ ಯಂತ್ರ ಇಟ್ಟುಕೊಂಡು, ಬಂದವರ ಎದುರಿಗೇ ಪುಟಗಳ ನಕಲು ತೆಗೆದು, ಸ್ಟೇಪಲ್ ಹೊಡೆದು, ಪುಸ್ತಕವೆಂದು ಕೈಗೆ ಕೊಟ್ಟರು. ಕಲಾಪ್ರದರ್ಶನ ನಡೆಯುವ ಜಾಗವೇ ಅಚ್ಚಿನ ಮನೆಯಾಯಿತು. ಮೂಲಪ್ರತಿ ಎಂಬ ಪವಿತ್ರ ವಸ್ತುವೇ ಅಲ್ಲಿ ಇರಲಿಲ್ಲ. ಇದನ್ನೇ ಅವರು 2011ರಲ್ಲಿ ನ್ಯೂಯಾರ್ಕಿನ ಅಪರ್ಚರ್ ಸಂಸ್ಥೆಯಲ್ಲಿ ಮತ್ತೆ ನಡೆಸಿದರು. ಯಾವ ಪುಟ, ಯಾವ ಅನುಕ್ರಮ ಎಂಬುದನ್ನು ನೋಡುಗರೇ ಆರಿಸಿಕೊಂಡರು.

ಅವರ ಸುತ್ತಲಿದ್ದವರಿಗೂ ಈ ಗೀಳು ಹತ್ತಿತು. 1974ರಲ್ಲಿ ತೊಮಾತ್ಸು, ಅರಾಕಿ, ಫುಕಾಸೆ, ಹೊಸೊಯೆ ಮೊದಲಾದ ಛಾಯಾಗ್ರಾಹಕರೊಡನೆ ‘ವರ್ಕ್‌ಶಾಪ್’ ಶಾಲೆ ನಡೆಸಿದರು. ಅಲ್ಲಿಂದ ಹೊರಬಂದ ಯುವಕರೊಡನೆ 1976ರಲ್ಲಿ ಟೋಕಿಯೊದ ಶಿಂಜುಕುವಿನಲ್ಲಿ ‘ಕ್ಯಾಂಪ್’ ಎಂಬ ಜಾಗ ತೆರೆದರು. ಅಲ್ಲಿದ್ದ ಕೈಜೊ ಕಿತಾಜಿಮಾ 1979ರ ಉದ್ದಕ್ಕೂ ತಿಂಗಳಿಗೊಂದು ಪ್ರದರ್ಶನ, ಪ್ರತಿಯೊಂದಕ್ಕೂ ಒಂದು ಪುಟ್ಟ ಪುಸ್ತಿಕೆ ಎಂದು ಹನ್ನೆರಡು ಹೊರತಂದರು. ಆ ದಶಕದ ಕೊನೆಯಲ್ಲಿ ಮೊರಿಯಾಮಾ ಸ್ವತಃ ಕುಗ್ಗಿಹೋಗಿದ್ದರು; ಕ್ಯಾಮೆರಾ ಎತ್ತುವುದೇ ಕಷ್ಟವಾಗಿತ್ತು, ನಿದ್ದೆಮಾತ್ರೆಯ ಕಾಲವದು. ಅವರನ್ನು ಮತ್ತೆ ಎಬ್ಬಿಸಿದ್ದೂ ಪತ್ರಿಕೆಯೇ. 1981ರಲ್ಲಿ ಶುರುವಾದ ‘ಶಾಶಿನ್ ಜಿದಾಯ್’ ನಗ್ನಚಿತ್ರಗಳನ್ನೂ ಗಂಭೀರ ಛಾಯಾಗ್ರಹಣವನ್ನೂ ಒಂದೇ ರಟ್ಟಿನೊಳಗೆ ಹಾಕಿ ಮಾರುತ್ತಿದ್ದ, ಮರ್ಯಾದಸ್ಥರು ಮುಚ್ಚಿಟ್ಟು ಓದುವಂಥ ಪತ್ರಿಕೆ. ಅದರಲ್ಲಿ ಬಂದ ಸರಣಿಯೇ 1982ರ ‘ಹಿಕಾರಿ ತೊ ಕಾಗೆ’ (ಬೆಳಕು ಮತ್ತು ನೆರಳು) ಪುಸ್ತಕ.

‘ಕಿರೋಕು’ ಮತ್ತೆ ಜೀವ ಪಡೆದದ್ದು 2006ರಲ್ಲಿ, ಗ್ಯಾಲರಿ ನಡೆಸುವ ಪ್ರಕಾಶಕ ಅಕಿಯೊ ನಾಗಾಸಾವಾ ಅವರ ಒತ್ತಾಸೆಯಿಂದ. ಹೊಸದಾಗಿ ಒಂದರಿಂದ ಎಣಿಸದೆ ಆರನೇ ಸಂಚಿಕೆ ಎಂದೇ ಮುಂದುವರಿಸಿದರು. ಮಧ್ಯದ ಮೂವತ್ತಮೂರು ವರ್ಷಗಳನ್ನು ತಡವಾದ ಸಂಚಿಕೆಯೊಂದರ ಹಾಗೆ ದಾಟಿಬಿಟ್ಟರು. ಈಗ ಸಂಖ್ಯೆ ಐವತ್ತನ್ನು ದಾಟಿದೆ.

ಇಲ್ಲಿ ಒಂದು ತಕರಾರು ಎತ್ತಲೇಬೇಕು. 1972ರ ಸ್ವಾತಂತ್ರ್ಯವೂ 2006ರ ನಂತರದ ಸ್ವಾತಂತ್ರ್ಯವೂ ಒಂದೇ ಅಲ್ಲ. ಮೊದಲ ಐದು ಸಂಚಿಕೆಗಳು ಮಾರುಕಟ್ಟೆ ಇಲ್ಲದ ಕಡೆ ಹುಟ್ಟಿದವು. ನಂತರದವುಗಳ ಹಿಂದೆ ಗ್ಯಾಲರಿ ಇದೆ, ಸಹಿ ಹಾಕಿದ ಪ್ರತಿಗಾಗಿ ಕಾಯುವ ಸಂಗ್ರಾಹಕರಿದ್ದಾರೆ. ಪತ್ರಿಕೆ ಅಗ್ಗದ ಅಚ್ಚಿನ ವಸ್ತುವಾಗಿದ್ದದ್ದು ಈಗ ಕಾಯ್ದಿಡುವ ವಸ್ತುವೂ ಆಗಿದೆ. ಮೊರಿಯಾಮಾ ಅವರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಎಂಬತ್ತು ದಾಟಿದ ಕಲಾವಿದ ಇನ್ನೂ ಅಚ್ಚಿನ ಖರ್ಚನ್ನು ಕೈಯಿಂದ ಹಾಕಲಿ ಎನ್ನುವುದು ದೂರದಿಂದ ಹೇಳಲು ಸುಲಭವಾದ ಆದರ್ಶ. ಆದರೂ ‘ಸ್ವತಂತ್ರ’ ಎಂಬ ವಿಶೇಷಣವನ್ನು ಎರಡೂ ಕಾಲಕ್ಕೆ ಒಂದೇ ತೂಕದಲ್ಲಿ ಹಚ್ಚಲಾಗದು.

ಇನ್ನೊಂದು ಮಾತು. ಬೇಡ ಎನ್ನುವ ಸಂಪಾದಕನಿಲ್ಲದ ಪತ್ರಿಕೆ ತನ್ನನ್ನೇ ತಾನು ನಕಲು ಮಾಡತೊಡಗುತ್ತದೆ. ಶಿಂಜುಕುವಿನ ಗಲ್ಲಿ, ಹರಿದ ಪೋಸ್ಟರು, ಬಲೆಯ ಕಾಲುಚೀಲ, ಗಾಜಿನ ಹಿಂದಿನ ಗೊಂಬೆ. ಈಚಿನ ಸಂಚಿಕೆಗಳಲ್ಲಿ ಇವು ಬಂದುದೇ ಬರುತ್ತವೆ. ಸಣ್ಣ ಕ್ಯಾಮೆರಾ ಹಿಡಿದು, ಕೇಳದೆ, ನಡೆಯುತ್ತಲೇ ಅಪರಿಚಿತರನ್ನು ಸೆರೆಹಿಡಿಯುವುದು ಅವರ ಕ್ರಮ. ಅದರಲ್ಲೂ ಹೆಂಗಸರ ಬೆನ್ನು, ಕಾಲುಗಳ ಮೇಲೆ ಪದೇ ಪದೇ ಇಳಿಯುವ ಆ ನೋಟವನ್ನು ಬೀದಿಯ ಕಾವ್ಯ ಎಂದು ಇಂದು ಸಲೀಸಾಗಿ ಒಪ್ಪಲಾಗದು. ಹೊರಗಿನ ಸಂಪಾದಕರೊಬ್ಬರು ಇದ್ದಿದ್ದರೆ ಈ ಪ್ರಶ್ನೆ ಮೇಜಿನ ಮೇಲೇ ಏಳುತ್ತಿತ್ತೇನೋ. ಪತ್ರಿಕೆ ಸ್ವಂತದ್ದಾದಾಗ ತೆರಬೇಕಾದ ಬೆಲೆ ಇದು.

ಹಾಗಿದ್ದೂ ಲಾಭದ ಕಡೆಯೇ ತಕ್ಕಡಿ ತೂಗುತ್ತದೆ ಎಂದು ನನಗನ್ನಿಸುತ್ತದೆ. ಮೊಬೈಲಿನಲ್ಲಿ ದಿನವೂ ಚಿತ್ರ ಹಾಕುವವರೆಲ್ಲ ಪ್ರಕಾಶಕರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅಲ್ಲಿ ಅನುಕ್ರಮವನ್ನು ಯಂತ್ರ ನಿರ್ಧರಿಸುತ್ತದೆ, ಕೊನೆಯ ಪುಟ ಎಂಬುದೇ ಇಲ್ಲ. ಸಂಚಿಕೆಗೆ ಆದಿ ಇದೆ, ಅಂತ್ಯ ಇದೆ. ಎಡಪುಟದ ನಾಯಿಗೂ ಬಲಪುಟದ ಗೋಡೆಗೂ ಏನು ನಂಟು ಎಂಬುದಕ್ಕೆ ಕಲಾವಿದ ಹೊಣೆ ಹೊರಬೇಕು. ಈ ಹೊಣೆಯಿಂದಲೇ ಮೊರಿಯಾಮಾ ಒಂದೆರಡು ಪ್ರಸಿದ್ಧ ಚಿತ್ರಗಳ ಛಾಯಾಗ್ರಾಹಕರಾಗಿ ಉಳಿಯದೆ ಪಾರಾದರು. ಒಂಟಿ ಚಿತ್ರ ಅವರಲ್ಲಿ ಅಷ್ಟೇನೂ ಮುಖ್ಯವಲ್ಲ. ಒಂದರ ಹಿಂದೆ ಒಂದು ಬರುವ ವೇಗ ಮುಖ್ಯ.

ಮೊದಲ 30 ಸಂಚಿಕೆಗಳಿಂದ ಆಯ್ದ ಚಿತ್ರಗಳ ದಪ್ಪ ಸಂಪುಟವನ್ನು 2017ರಲ್ಲಿ ಮಾರ್ಕ್ ಹಾಲ್ಬಾರ್ನ್ ಸಂಪಾದಕತ್ವದಲ್ಲಿ ಥೇಮ್ಸ್ ಆ್ಯಂಡ್ ಹಡ್ಸನ್ ಪ್ರಕಟಿಸಿದೆ. ಸುಲಭವಾಗಿ ಕೈಗೆ ಸಿಗುವುದು ಅದೇ, ಅಚ್ಚೂ ಚೆನ್ನಾಗಿದೆ. ಆದರೆ ಅದರಲ್ಲಿ ಆಯ್ಕೆ ಇನ್ನೊಬ್ಬರದು. ಅವಕಾಶವಾದರೆ ಬಿಡಿ ಸಂಚಿಕೆಯೊಂದನ್ನು, ಯಾವುದಾದರೂ ಸರಿ, ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಸಲಕ್ಕೆ ತಿರುವಿ ನೋಡಿ. ಹೊಗಳಬೇಕೋ ಜಗಳವಾಡಬೇಕೋ ಆಮೇಲೆ ನಿರ್ಧರಿಸಿ.