ನಿಂತ ಲಾರಿಯ ಹೊಣೆ ಯಾರದು?

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯೊಂದಕ್ಕೆ ಟೆಂಪೋ ಟ್ರಾವೆಲರ್ ಹಿಂದಿನಿಂದ ಅಪ್ಪಳಿಸಿ 13 ಮಂದಿ ಅಸುನೀಗಿದರು. ಅದಕ್ಕೂ ಎಂಟು ತಿಂಗಳು ಮೊದಲು, 2023ರ ಅಕ್ಟೋಬರ್ 26ರ ಮಂಜು ಕವಿದ ಮುಂಜಾನೆ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಡಿಕ್ಕಿ ಹೊಡೆದಾಗ ಮೃತಪಟ್ಟವರ ಸಂಖ್ಯೆಯೂ 13. ಇಂತಹ ದುರ್ಘಟನೆಗಳ ಮರುದಿನ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಚಾಲಕನಿಗೆ ನಿದ್ದೆ ಹತ್ತಿತ್ತು, ಇಲ್ಲವೇ ಅತಿವೇಗ. ನಿಂತ ವಾಹನ ಅಲ್ಲೇಕೆ ನಿಂತಿತ್ತು, ಅದರಲ್ಲಿ ಯಾರ ಸರಕಿತ್ತು ಎಂಬ ಪ್ರಶ್ನೆ ವಿರಳವಾಗಿ ಏಳುತ್ತದೆ. ಆ ಸರಕು ವರ್ತಕ ಸಮುದಾಯದ್ದೇ ಆಗಿರುವ ಸಂಭವ ಹೆಚ್ಚಾಗಿರುವುದರಿಂದ ಈ ಪ್ರಶ್ನೆಯನ್ನು ವಾಣಿಜ್ಯೋದ್ಯಮಿಗಳೇ ಎತ್ತುವುದು ಸೂಕ್ತ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಮಡಿದರು. ಒಟ್ಟು ರಸ್ತೆಜಾಲದಲ್ಲಿ ಶೇ. 2ರಷ್ಟು ಮಾತ್ರವಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಇವುಗಳಲ್ಲಿ ಶೇ. 36ರಷ್ಟು ಸಾವುಗಳು ಸಂಭವಿಸಿದವು. ಸಾವುಗಳ ಪೈಕಿ ಶೇ. 71ರಷ್ಟನ್ನು ಅದೇ ವರದಿ 'ಅತಿವೇಗ'ದ ಲೆಕ್ಕಕ್ಕೆ ಹಾಕಿದೆ. ಈ ಅಂಕಿ ಪೊಲೀಸ್ ದಾಖಲೆಗಳನ್ನು ಆಧರಿಸಿದ್ದು. ವೇಗದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾರಣವೊಂದನ್ನು ಬರೆದು ಕಡತ ಮುಚ್ಚುವ ಪದ್ಧತಿಯಿಂದ ಉಳಿದ ಕಾರಣಗಳು ಮರೆಯಾಗುತ್ತವೆ. ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವರು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿ ಸೇತುವೆಯ ಮೇಲೆ ಮೃತರಾದಾಗ ಈ ವಿಚಾರ ಕೆಲಕಾಲ ಚರ್ಚೆಗೆ ಬಂದಿತ್ತು. ಹಿಂದಿನ ಸೀಟಿನಲ್ಲಿದ್ದವರು ಬೆಲ್ಟ್ ಧರಿಸಿರಲಿಲ್ಲ, ನಿಜ; ಚಾಲಕರ ಮೇಲೆ ಮೊಕದ್ದಮೆ ದಾಖಲಾಯಿತು, ಅದೂ ನಿಜ. ಮೂರು ಪಥಗಳ ರಸ್ತೆ ಸೇತುವೆಯ ಬಳಿ ಎರಡಕ್ಕೆ ಕುಗ್ಗುವ ಜಾಗದಲ್ಲಿ ತಡೆಗೋಡೆ ಎದುರಾಗುತ್ತಿದ್ದುದೂ ಅಷ್ಟೇ ನಿಜ.

ತಡೆಗೋಡೆ ಸರಕಾರದ್ದು, ನಿಂತ ಲಾರಿ ಹಾಗಲ್ಲ.

ಸರಳ ಲೆಕ್ಕವೊಂದನ್ನು ನೋಡಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಈ ವೇಗದಲ್ಲಿ ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ಪೂರ್ಣವಾಗಿ ನಿಲ್ಲಲು 120 ಮೀಟರ್ ಅಂತರ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ, 100 ಕಿ.ಮೀ. ವೇಗಕ್ಕೆ 180 ಮೀಟರ್. ಎದುರಿನ ವಾಹನಗಳಿಗಾಗಿ ದೀಪವನ್ನು ಡಿಮ್ ಮಾಡಿಕೊಂಡ ಚಾಲಕನಿಗೆ ಧೂಳು ಮೆತ್ತಿದ, ದೀಪವಿಲ್ಲದ ಲಾರಿಯ ಹಿಂಬದಿ ಅದರ ಅರ್ಧದಷ್ಟು ದೂರದಿಂದಲೂ ಕಾಣುವುದು ಕಷ್ಟ. ಕಾಣುವಷ್ಟು ದೂರದಲ್ಲಿ ನಿಲ್ಲಿಸಬಲ್ಲ ವೇಗದಲ್ಲೇ ಓಡಿಸಬೇಕೆಂಬುದು ಚಾಲಕನ ಕರ್ತವ್ಯವೇ ಸರಿ. ಆದರೆ ಕಾರುಗಳಿಗೆ 100 ಕಿ.ಮೀ. ವೇಗಕ್ಕೆ ಅನುಮತಿಯಿರುವ ಚತುಷ್ಪಥದಲ್ಲಿ, ಟೋಲ್ ಕೊಟ್ಟು ಬರುವವನು ತನ್ನ ಪಥದಲ್ಲೇ ಒಂದು ಕಬ್ಬಿಣದ ಗೋಡೆಯನ್ನು ನಿರೀಕ್ಷಿಸಬೇಕೆನ್ನುವುದು ಅತಿಯಾದ ಅಪೇಕ್ಷೆ.

ನ್ಯಾಯಾಲಯಗಳೂ ಈಗ ಇದನ್ನೇ ಹೇಳುತ್ತಿವೆ. ಕರ್ನಾಟಕದಿಂದ ಮೇಲ್ಮನವಿಯಾಗಿ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್‌ನಲ್ಲಿ ನೀಡಿದ ತೀರ್ಪು ಪ್ರತಿಯೊಬ್ಬ ಲಾರಿ ಮಾಲೀಕನೂ ಅರಿಯಬೇಕಾದದ್ದು. 2013ರಲ್ಲಿ ಹೆದ್ದಾರಿಯ ಮೇಲೆ ದೀಪವಾಗಲಿ ಸೂಚನೆಯಾಗಲಿ ಇಲ್ಲದೆ ಬಿಟ್ಟುಹೋಗಿದ್ದ 14 ಚಕ್ರಗಳ ಟ್ರೇಲರಿಗೆ ಕಾರು ಬಡಿದಿತ್ತು. ಕಾರು ಚಾಲಕನದೂ ಶೇ. 50ರಷ್ಟು ತಪ್ಪೆಂದು ನ್ಯಾಯಮಂಡಳಿಯೂ ಉಚ್ಚ ನ್ಯಾಯಾಲಯವೂ ಪರಿಹಾರವನ್ನು ಕಡಿತಗೊಳಿಸಿದ್ದವು. ಸರ್ವೋಚ್ಚ ನ್ಯಾಯಾಲಯ ಆ ಕಡಿತವನ್ನು ರದ್ದುಪಡಿಸಿ, ಪೂರ್ಣ ಹೊಣೆಯನ್ನು ನಿಂತ ವಾಹನದ ಮೇಲೆಯೇ ಹೊರಿಸಿತು. ಹಣವನ್ನು ವಿಮಾ ಕಂಪನಿ ಕೊಡುತ್ತದೆಂದು ನೆಮ್ಮದಿಯಿಂದಿರಲು ಬರುವುದಿಲ್ಲ. ಪರ್ಮಿಟ್, ಫಿಟ್‌ನೆಸ್ ಅಥವಾ ಚಾಲನಾ ಪರವಾನಗಿಯಲ್ಲಿ ಲೋಪ ಕಂಡುಬಂದರೆ ಕಂಪನಿಯು ಮೊದಲು ಪಾವತಿಸಿ, ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದು ವಾಡಿಕೆ. ಒಂದೇ ಗೂಡ್ಸ್ ವಾಹನ ಇಟ್ಟುಕೊಂಡ ಸಣ್ಣ ಕೈಗಾರಿಕೆಯ ಮಾಲೀಕನಿಗೆ ಅಂತಹ ಒಂದು ಆದೇಶವೇ ಘಟಕ ಮುಚ್ಚಲು ಸಾಕು.

ದಂಡಸಂಹಿತೆಯ ಕಡೆಯಿಂದ ಮಾತ್ರ ಭಯ ಕಡಿಮೆ. ಸಾರ್ವಜನಿಕ ಮಾರ್ಗಕ್ಕೆ ಅಡ್ಡಿಪಡಿಸುವುದಕ್ಕೆ ಹಳೆಯ ಸಂಹಿತೆಯಲ್ಲಿ ಗರಿಷ್ಠ 200 ರೂಪಾಯಿ ದಂಡವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5,000ಕ್ಕೆ ಏರಿದೆ. ರಸ್ತೆಯ ದೋಷದಿಂದ ಸಾವು ಸಂಭವಿಸಿದರೆ ಗುತ್ತಿಗೆದಾರ ಅಥವಾ ಪ್ರಾಧಿಕಾರಕ್ಕೆ ಒಂದು ಲಕ್ಷದವರೆಗೆ ದಂಡ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಅವಕಾಶ ಕಲ್ಪಿಸಿದೆ. ನೂರಾರು ಕೋಟಿಯ ಗುತ್ತಿಗೆಯ ಮುಂದೆ ಆ ಮೊತ್ತ ಏನೇನೂ ಅಲ್ಲ.

ಹಾಗಾದರೆ ಲಾರಿ ಚಾಲಕ ರಸ್ತೆಯ ಮೇಲೇಕೆ ನಿಲ್ಲಿಸುತ್ತಾನೆ? ಹೆದ್ದಾರಿ ಬದಿಯಲ್ಲಿ ಟ್ರಕ್ ನಿಲುಗಡೆಗೆಂದು ಬಿಟ್ಟ ಜಾಗಗಳಲ್ಲಿ ಅನೇಕ ಕಡೆ ನೀರಿಲ್ಲ, ಬೆಳಕಿಲ್ಲ, ಕಾವಲಿಲ್ಲ. ಮಲಗಿ ಏಳುವಷ್ಟರಲ್ಲಿ ಡೀಸೆಲ್ ಖಾಲಿಯಾಗಿರುತ್ತದೆ ಅಥವಾ ಟಾರ್ಪಾಲು ಹರಿದಿರುತ್ತದೆ. ಆದ್ದರಿಂದ ಅವನು ಜನ ಮತ್ತು ದೀಪ ಇರುವ ಢಾಬಾದ ಮುಂದೆ, ಅರ್ಧ ಲಾರಿ ಡಾಂಬರಿನ ಮೇಲಿದ್ದರೂ ಸರಿಯೆಂದು, ನಿಲ್ಲಿಸುತ್ತಾನೆ. ಕೆಟ್ಟು ನಿಂತಾಗ ಹಿಂಬದಿಗೆ ಕಲ್ಲು, ಹಸಿರು ಸೊಪ್ಪಿನ ಕೊಂಬೆ ಇಡುತ್ತಾನೆ. ಲಾರಿ ಹೊರಟ ಮೇಲೆ ಕಲ್ಲುಗಳು ಅಲ್ಲೇ ಉಳಿದು ಬೈಕ್ ಸವಾರರಿಗೆ ಕಾದಿರುತ್ತವೆ. ಕಡ್ಡಾಯವಾದ ತ್ರಿಕೋನ ಫಲಕ ಕ್ಯಾಬಿನ್ನಿನಲ್ಲೇ ಇರುತ್ತದೆ, ಇದ್ದರೆ.

ಇದರಲ್ಲಿ ವರ್ತಕರ ಪಾಲು ಸಣ್ಣದಲ್ಲ. ಬೆಳಿಗ್ಗೆ ಆರಕ್ಕೆ ಮಾಲು ಮುಟ್ಟಬೇಕೆಂದು ಫೋನಿನ ಮೇಲೆ ಫೋನು ಮಾಡುವವರು ಯಾರು? ಇ-ವೇ ಬಿಲ್ಲಿನ ನಿಯಮವು 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ಪೂರ್ಣ ದಿನದ ಅವಧಿ ಕೊಡುತ್ತದೆ. ಅಂದರೆ ಅವಸರ ಕಾನೂನಿನದಲ್ಲ, ಮಾರುಕಟ್ಟೆಯದು. ಸಾರಿಗೆ ಕಾರ್ಮಿಕನಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆಯೆಂದು 1961ರ ಕಾಯಿದೆಯೇ ಹೇಳಿತ್ತು. ಬಾಡಿಗೆ ಗೊತ್ತುಮಾಡುವಾಗ ಆ ಎಂಟು ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವ ವ್ಯಾಪಾರಿ ಎಷ್ಟು ಮಂದಿ ಇದ್ದಾರು?

ಇನ್ನೊಂದು ವಿಷಯ ಹೆಚ್ಚು ಹತ್ತಿರದ್ದು. ಕೈಗಾರಿಕಾ ಪ್ರದೇಶಗಳ ಮತ್ತು ಎಪಿಎಂಸಿ ಪ್ರಾಂಗಣಗಳ ಹೊರಗೆ ರಾತ್ರಿ ಹೊತ್ತು ಲಾರಿಗಳ ಸಾಲು ನಿಲ್ಲುವುದು ಗೇಟು ಬೆಳಿಗ್ಗೆಯವರೆಗೆ ತೆರೆಯದ ಕಾರಣ. ಒಳಗೆ ಖಾಲಿ ಜಾಗವಿದ್ದರೂ ಹಮಾಲರು ಬರುವತನಕ ವಾಹನವನ್ನು ಒಳಗೆ ಬಿಡಬಾರದೆಂಬ ಸಂಪ್ರದಾಯ. ಇದನ್ನು ಬದಲಿಸಲು ಸರಕಾರದ ಆದೇಶ ಬೇಕಿಲ್ಲ. ಎಪಿಎಂಸಿ ಆಡಳಿತ ಮಂಡಳಿಗಳಲ್ಲಿ ವರ್ತಕರ ಪ್ರತಿನಿಧಿಗಳಿದ್ದಾರೆ, ಕಾರ್ಖಾನೆಗಳ ಕಾವಲುಗಾರರಿಗೆ ಸಂಬಳ ಕೊಡುವವರು ಮಾಲೀಕರೇ. ಹಿಂಬದಿಯ ಕೆಂಪು ಪ್ರತಿಫಲಕ ಪಟ್ಟಿ ಅಳಿಸಿಹೋದ ಲಾರಿಗೆ ಲೋಡು ಕೊಡುವುದಿಲ್ಲವೆಂದು ಟ್ರಾನ್ಸ್‌ಪೋರ್ಟ್ ಕಚೇರಿಗೆ ಒಂದು ಪತ್ರ ಬರೆಯುವುದಕ್ಕೂ ಖರ್ಚಿಲ್ಲ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ವಾಣಿಜ್ಯ ಸಂಸ್ಥೆಗಳು ಹೋಗುವುದಾದರೆ ಕಾವಲಿರುವ ಟ್ರಕ್ ನಿಲುಗಡೆಯ ಬೇಡಿಕೆಯನ್ನು ಮುಂದಿಡಲಿ. ಅದಕ್ಕೆ ಮುನ್ನ ತಮ್ಮ ಗೇಟಿನ ಕೀಲಿಯನ್ನು ರಾತ್ರಿ ಪಾಳಿಯವನ ಕೈಗೆ ಕೊಟ್ಟು ಹೋಗಲಿ.