‘ಸೈಟು’ ಎಂಬ ಒಂದು ಶಬ್ದ

ಪರಭಾಷೆಯ ಶಬ್ದಗಳು ಬಂದು ನಮ್ಮ ಭಾಷೆಯಲ್ಲಿ ನೆಲೆಸುವುದು ಹೊಸ ಸಂಗತಿಯಲ್ಲ. ಜಮೀನು, ಖುಷ್ಕಿ, ತರಿ, ಬಾಗಾಯ್ತು ಎಂದು ನಮ್ಮ ರೈತರು ನಿತ್ಯವೂ ಆಡುವ ಮಾತುಗಳೆಲ್ಲ ಪಾರಸಿ ಮೂಲದವು. ಅವುಗಳಿಂದ ಕನ್ನಡ ಬಡವಾಗಲಿಲ್ಲ. ಬೆದ್ದಲಿನ ಪಕ್ಕದಲ್ಲಿ ಖುಷ್ಕಿ ನಿಂತಿತು. ಗದ್ದೆಯ ಪಕ್ಕದಲ್ಲಿ ತರಿ ನಿಂತಿತು. ಆದರೆ ಈಚಿನ ದಶಕಗಳಲ್ಲಿ ನಮ್ಮ ಜಿಲ್ಲೆಯ ಮನೆಮಾತಾಗಿರುವ ಒಂದು ಇಂಗ್ಲಿಷ್ ಶಬ್ದದ ನಡೆ ಬೇರೆಯೆಂದು ನನಗೆ ತೋರುತ್ತದೆ. ಅದು ‘ಸೈಟು’.

ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗನನ್ನು “ನಿಮ್ಮ ಮನೆ ಎಲ್ಲಿದೆಯಪ್ಪ?” ಎಂದು ಕೇಳಿದೆ. “ಹೊಸ ಲೇಔಟಿನಲ್ಲಿ, ಸಾರ್” ಎಂದ. “ಮನೆ ಕಟ್ಟುವುದಕ್ಕೆ ಮೊದಲು ಅಲ್ಲಿ ಏನಿತ್ತು?” ಎಂದೆ. “ಸೈಟಿತ್ತು, ಸಾರ್.” “ಅದಕ್ಕೂ ಮೊದಲು?” ಹುಡುಗ ಯೋಚಿಸಿದ, ಉತ್ತರ ದೊರೆಯಲಿಲ್ಲ. ಅವನ ಅಜ್ಜ ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದರೆಂಬುದು ಆಮೇಲೆ ತಿಳಿಯಿತು. ತಪ್ಪು ಹುಡುಗನದಲ್ಲ. ಆ ಹೊಲದ ಹೆಸರನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಗ್ಲಿಷಿನಲ್ಲಿ ಈ ಶಬ್ದ ಬಹು ವಿಶಾಲವಾದುದು. ಲ್ಯಾಟಿನ್ ಭಾಷೆಯ ‘ಸಿಟುಸ್’, ಅಂದರೆ ಇರುವ ಸ್ಥಾನ, ಎಂಬುದರಿಂದ ಅದು ಹುಟ್ಟಿತು. ಪ್ರಾಕ್ತನ ಶಾಸ್ತ್ರಜ್ಞರಿಗೆ ಸೈಟ್ ಎಂದರೆ ಉತ್ಖನನದ ನೆಲೆ. ಎಂಜಿನಿಯರರಿಗೆ ಕಟ್ಟಡದ ಕೆಲಸ ನಡೆಯುವ ಜಾಗ. ವೈದ್ಯರಿಗೆ ಸೂಜಿ ಚುಚ್ಚಿದ ಅಥವಾ ಗಾಯವಾದ ಭಾಗ. ಕಂಪ್ಯೂಟರ್ ಬಲ್ಲವರಿಗೆ ವೆಬ್‌ಸೈಟು. ಕಾರ್ಖಾನೆಯನ್ನು ಎಲ್ಲಿ ಸ್ಥಾಪಿಸಬೇಕೆಂದು ಗೊತ್ತುಮಾಡುವುದಕ್ಕೂ ಅದೇ ಶಬ್ದ ಕ್ರಿಯಾಪದವಾಗಿ ಬರುತ್ತದೆ. ಇದೇ ಉಚ್ಚಾರಣೆಯ ಇನ್ನೆರಡು ಶಬ್ದಗಳೂ ಉಂಟು. ಒಂದಕ್ಕೆ ನೋಟವೆಂದೂ ಇನ್ನೊಂದಕ್ಕೆ ಉಲ್ಲೇಖಿಸುವುದೆಂದೂ ಅರ್ಥ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ ಬೇರೆ, ಕನ್ನಡ ಲಿಪಿಯಲ್ಲಿ ಮೂರೂ ಒಂದೇ. “ಕಣ್ಣಿಗೆ ಸೈಟು ಬಂದಿದೆ” ಎಂದು ನಾವು ಹೇಳುವಾಗ ದೃಷ್ಟಿ ಮಂದವಾಗಿದೆ, ಕನ್ನಡಕ ಬೇಕು ಎಂಬುದೇ ತಾತ್ಪರ್ಯ. ನೋಟವನ್ನು ಹೇಳುವ ಶಬ್ದ ನಮ್ಮಲ್ಲಿ ನೋಟದ ಕೊರತೆಯನ್ನು ಸೂಚಿಸುವಂತಾಯಿತು!

ಇಷ್ಟು ವಿಶಾಲವಾದ ಶಬ್ದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಮಾತಿಗೆ ಬಂದಾಗ 30 ಅಡಿ ಅಗಲ, 40 ಅಡಿ ಉದ್ದಕ್ಕೆ ಕುಗ್ಗಿಹೋಯಿತು. ಒಂದು ಗುಂಟೆಗೆ 1,089 ಚದರ ಅಡಿ. ಸೈಟಿಗೆ 1,200 ಚದರ ಅಡಿ. ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸರ್ಕಾರದ ಕಾಗದಪತ್ರಗಳಲ್ಲಿ ಇದನ್ನೇ ‘ನಿವೇಶನ’ ಎನ್ನುತ್ತಾರೆ. ಆ ಸಂಸ್ಕೃತ ಶಬ್ದದಲ್ಲಿ ಒಳಹೊಕ್ಕು ನೆಲೆಸುವ ಅರ್ಥವಿದೆ. ಸೈಟಿನಲ್ಲಾದರೋ ಯಾರೂ ನೆಲೆಸಬೇಕೆಂದಿಲ್ಲ; ನಾಲ್ಕು ಮೂಲೆಗೆ ಕಲ್ಲು ನೆಟ್ಟು ಬೆಲೆ ಏರುವುದನ್ನು ಕಾಯುತ್ತಿದ್ದರೂ ಅದು ಸೈಟೇ.

ಶಬ್ದ ಕುಗ್ಗಿದ್ದಕ್ಕೆ ನಾನು ವ್ಯಸನಪಡುವುದಿಲ್ಲ. ಕುಗ್ಗಿದ ಆ ಒಂದು ಶಬ್ದ ನಮ್ಮ ಎಷ್ಟೋ ಶಬ್ದಗಳನ್ನು ನುಂಗುತ್ತಿದೆಯೆಂಬುದೇ ನನ್ನ ಚಿಂತೆ. ಗದ್ದೆ, ಹೊಲ, ಬೆದ್ದಲು, ತೋಟ, ಹಿತ್ತಲು, ಕಣ, ಗೋಮಾಳ, ಗುಂಡುತೋಪು, ಖರಾಬು: ಇವು ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳಲ್ಲ. ಒಂದೊಂದರಲ್ಲಿಯೂ ನೀರು ಎಲ್ಲಿಂದ ಬರುತ್ತದೆ, ಏನು ಬೆಳೆಯುತ್ತದೆ, ಅದರ ಮೇಲೆ ಯಾರಿಗೆ ಹಕ್ಕು ಎಂಬ ತಿಳಿವಳಿಕೆ ಅಡಗಿದೆ. ಗೋಮಾಳವೆಂದೊಡನೆ ಅದು ಊರ ದನಕರುಗಳ ಮೇವಿನ ನೆಲವೆಂದು ತಿಳಿಯುತ್ತದೆ. ಅಚ್ಚುಕಟ್ಟೆಂದೊಡನೆ ಕೆರೆ, ತೂಬು, ಕಾಲುವೆಗಳು ಕಣ್ಮುಂದೆ ಬರುತ್ತವೆ. ಸೈಟೆಂದರೆ ಅಳತೆ ಮತ್ತು ಬೆಲೆಯಲ್ಲದೆ ಬೇರೇನು ತಿಳಿದೀತು?

ನಮ್ಮ ಈ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಕನ್ನಡ ನಾಡಿನ ಹಳೆಯ ದಾನಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟ, ತುಡಿಕೆಗಳನ್ನು ಬಿಡಿಬಿಡಿಯಾಗಿ ಹೇಳುವುದು ವಾಡಿಕೆ. ಭೂಮಿಯ ಒಡೆತನವನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳಾಗಿ ಎಣಿಸುವುದೂ ಉಂಟು. ‘ಆಗಾಮಿ’ ಎಂದರೆ ಮುಂದೆ ಬರಲಿರುವ ಫಲ. ಮುಂದಿನವರಿಗೆ ಏನು ದಕ್ಕುವುದೆಂಬುದನ್ನೂ ಆ ಹಿರಿಯರು ನೆಲದ ಲೆಕ್ಕಕ್ಕೆ ಸೇರಿಸಿದ್ದರು.

ಮನೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಮಗಳ ಮದುವೆಗೋ ಮಗನ ಓದಿಗೋ ನೆಲ ಮಾರಿದ ರೈತನನ್ನು ದೂಷಿಸುವ ಅಧಿಕಾರ ನಮಗಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ಬದುಕು ಬದಲಾದುದು ಸರ್ವವಿದಿತ. ಆದರೆ ಹೆಸರು ಅಳಿದರೆ ನೆಲ ಕಾಣದಾಗುತ್ತದೆಂಬುದನ್ನು ಮರೆಯಲಾಗದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ವಿರೋಧಿಸಿದರು. ಅದನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಪ್ರಕಟಿಸಿದರು. ನಕ್ಷೆಯಲ್ಲಿ ಒಂದೇ ಬಣ್ಣ ಬಳಿಯಬಹುದಾದ ಆ ನೆಲ, ಅದನ್ನು ಉತ್ತವರಿಗೆ ತೋಟವಾಗಿತ್ತು, ಹೊಲವಾಗಿತ್ತು. ಆ ಹೆಸರುಗಳನ್ನು ಅವರು ಮರೆತಿದ್ದರೆ ಯಾವುದನ್ನು ಉಳಿಸಬೇಕೆಂದು ಕೇಳುತ್ತಿದ್ದರು?

ಆದುದರಿಂದ ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ನಿಮ್ಮ ಊರಿನ ಹೊಲಗದ್ದೆಗಳ ಹೆಸರುಗಳನ್ನು ಬರೆದುಕೊಳ್ಳಿ: ಹುಣಿಸೆಮರದ ಹೊಲ, ಕೋಡಿ ಗದ್ದೆ, ಬಾವಿ ತೋಟ, ಏನೇ ಇರಲಿ. ಈಗ ಅಲ್ಲಿ ಮನೆಗಳಿದ್ದರೂ ಬರೆಯಿರಿ. ನಾವು ಪಾಠ ಹೇಳುವ ಈ ಕೊಠಡಿಗಳೂ ಎಂದೋ ಯಾರದೋ ಹೊಲವಾಗಿದ್ದ ನೆಲದ ಮೇಲೆಯೇ ನಿಂತಿವೆ. ಸೈಟು ಎಂಬ ಶಬ್ದ ನಮ್ಮಲ್ಲಿ ಇರಲಿ, ಅದಕ್ಕೂ ಕೆಲಸವುಂಟು. ಆದರೆ “ಅದಕ್ಕೂ ಮೊದಲು ಅಲ್ಲಿ ಏನಿತ್ತು?” ಎಂದು ಕೇಳಿದಾಗ ನಮ್ಮ ಮಕ್ಕಳು ನಿರುತ್ತರರಾಗಬಾರದು.